ಮಧ್ಯದ ನಾಲ್ಕು ಪದಗಳು

ಮನೆ, ಅಡುಗೆಮನೆಯ ಮೇಜು
ಗುರುವಾರ, ಮೇ ೧೪, ಬೆಳಿಗ್ಗೆ

ಪ್ರೀತಿಯ ಬುಗುರಿ,

ಹೇಗಿದ್ದೀಯ ಮಗಳೇ? ಮೊಣಕಾಲಿನ ತರಚುಗಾಯ ಒಣಗಿತೇ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಊಟ ಸೇರುತ್ತಿದೆಯೇ? ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದನ್ನು ಕೊನೆಗೆ ಕೇಳುತ್ತಿದ್ದೇನೆ, ತಲೆ ಹೇಗಿದೆ? ಥಟ್ಟನೆ "ಚೆನ್ನಾಗಿದೆ ಅಜ್ಜಾ" ಎಂದುಬಿಡಬೇಡ. ಈ ಸಾಲಿನ ಮೇಲೆ ಬೆರಳಿಟ್ಟು ಒಂದು ನಿಮಿಷ ಸುಮ್ಮನೆ ಕೂತು, ಆಮೇಲೆ ಮುಂದೆ ಓದು. ಅವಸರವೇನಿಲ್ಲ, ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ.

ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ಪೊರೆ ತೆಗೆದ ಮೇಲೆ ನನ್ನ ಎಡಗಣ್ಣು ಎಷ್ಟು ಚುರುಕಾಗಿದೆಯೆಂದರೆ ಬ್ರೆಡ್ಡಿನ ಪೊಟ್ಟಣದ ಮೇಲಿನ ಅಚ್ಚಿನ ತಪ್ಪುಗಳೂ ಕಾಣುತ್ತಿವೆ. ನಿನ್ನ ಅಮ್ಮನ ಡ್ರೈವಿಂಗ್ ಶಾಲೆಗೆ ಈ ವಾರ ಒಬ್ಬ ನಿವೃತ್ತ ಲೆಕ್ಕದ ಮೇಷ್ಟರು ಸೇರಿದ್ದಾರೆ. ಎಡಕ್ಕೆ ತಿರುಗಿಸಿ ಎಂದರೆ, ಯಾಕೆ ಎಂದು ಕೇಳುತ್ತಾರಂತೆ. ಕಾರಣ ಹೇಳಿ ಮುಗಿಸುವಷ್ಟರಲ್ಲಿ ತಿರುವು ದಾಟಿ ಹೋಗಿರುತ್ತದಂತೆ. ಅವಳು ಮನೆಗೆ ಬಂದು ಸೋಫಾದ ಮೇಲೆ ಕೂತು, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿರುತ್ತಾಳೆ.

ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುವವರಿಗೆ ಮಧ್ಯೆ ಕಾಗದ ಯಾಕೆ ಎಂದು ನೀನು ಹುಬ್ಬು ಹಾರಿಸಬಹುದು. ಫೋನಿನಲ್ಲಿ ಹೇಳಿದ್ದು ನಿನ್ನಲ್ಲಿ ಉಳಿಯುತ್ತಿಲ್ಲ ಬುಗುರಿ. ಅದು ನನಗೆ ಈ ಭಾನುವಾರ ಗೊತ್ತಾಯಿತು. ಕಾಗದವಾದರೆ ಮತ್ತೆ ಮತ್ತೆ ತೆಗೆದು ಓದಬಹುದು. ನಿಮ್ಮ ತಂಡಕ್ಕೆ ಬದಲಿಯಾಗಿ ಬರುತ್ತಿರುವ ಉದ್ದ ಜಡೆಯ ಹುಡುಗಿ ನಾಳೆ ಬೆಳಗಿನ ವಿಮಾನಕ್ಕೆ ಹೊರಡುತ್ತಾಳೆ. ಅವಳ ಕೈಯಲ್ಲೇ ಇದನ್ನೂ ನೀನು ಕೇಳಿದ ಎರಡು ಜೊತೆ ಕಾಲುಚೀಲವನ್ನೂ ಕಳಿಸುತ್ತಿದ್ದೇನೆ. ಕಾಲುಚೀಲ ನೀನು ಮೂರು ಭಾನುವಾರ ಕೇಳಿದೆ. ಮೊದಲ ಭಾನುವಾರವೇ ತಂದಿಟ್ಟಿದ್ದೇನೆ ಎಂದು ನಾನೂ ಮೂರು ಸಲ ಹೇಳಿದೆ.

ಈ ಸೀಸನ್ನು ಶುರುವಾದಾಗ ನಮಗೆಲ್ಲ ಎಂಥ ಹುಮ್ಮಸ್ಸು! ನಮ್ಮ ಹುಡುಗಿಯರು ಮೊದಲ ಬಾರಿಗೆ ಹನ್ನೆರಡು ದೇಶಗಳ ಸಾಲಿನಲ್ಲಿ ನಿಂತಿದ್ದರು. ಎಂಟು ನಗರ, ಎಂಟು ಪಂದ್ಯಾವಳಿ, ಕೊನೆಗೆ ಯಾರ ಒಟ್ಟು ಅಂಕ ಎಲ್ಲರಿಗಿಂತ ಕಡಿಮೆಯೋ ಆ ತಂಡ ಮುಂದಿನ ವರ್ಷ ಹೊರಗೆ. ಸಲೂನಿನ ಯಜಮಾನ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕನ್ನಡಿಯ ಪಕ್ಕ ಅಂಟಿಸಿದ. ಅವನ ಟಿವಿಯಲ್ಲಿ ಮಾತ್ರ ಆ ಚಾನೆಲ್ಲು ಬರುತ್ತದಲ್ಲ, ಪಂದ್ಯ ಇದ್ದಾಗಲೆಲ್ಲ ನಾನು ಅಲ್ಲೇ. ನಾಲ್ಕು ಕೂದಲಿನವನು ವಾರಕ್ಕೆರಡು ಸಲ ಕಟಿಂಗಿಗೆ ಬರುತ್ತಾನೆ ಎಂದು ಬೀದಿಯೆಲ್ಲ ಆಡಿಕೊಂಡಿತು. ಮೊದಲ ದಿನ ಅವನು ರಗ್ಬಿಯ ಆ ಮೊಟ್ಟೆ ಆಕಾರದ ಚೆಂಡು ನೋಡಿ, ಯಾರೋ ಗಾಳಿ ಸರಿಯಾಗಿ ತುಂಬಿಲ್ಲ ಎಂದ. ಈಗ ಗಡ್ಡ ಹೆರೆಯುತ್ತಲೇ ಗಿರಾಕಿಗಳಿಗೆ ಪಾಠ ಮಾಡುತ್ತಾನೆ, ಏಳು ಜನ, ಏಳೇಳು ನಿಮಿಷದ ಎರಡು ಆಟ, ಕೈಯಿಂದ ಚೆಂಡು ಕೊಡುವುದಾದರೆ ಹಿಂದೆ ಇರುವವರಿಗೇ ಕೊಡಬೇಕು. ಹಲ್ಲುಜ್ಜಿ ಮುಖ ತೊಳೆದು ಬರುವಷ್ಟರಲ್ಲಿ ಸೋತೋ ಗೆದ್ದೋ ಮುಗಿದಿರುತ್ತದೆ. ಮೊದಲ ಎರಡು ನಗರಗಳಲ್ಲಿ ನಾವು ಸೋತದ್ದೇ ಸೋತದ್ದು. ಮೂರನೆಯದರಲ್ಲಿ ನೀನು ನಮ್ಮ ಗೆರೆಯಿಂದ ಅವರ ಗೆರೆಯ ತನಕ ನಾಲ್ವರನ್ನು ತಿರುಗಿಸಿ ಬೀಳಿಸಿ ಓಡಿದೆಯಲ್ಲ, ಆಗ ಯಜಮಾನ ಕತ್ತರಿ ಹಿಡಿದುಕೊಂಡೇ ಕುಣಿದ. ಕುರ್ಚಿಯಲ್ಲಿದ್ದ ಗಿರಾಕಿ ಕಿವಿ ಮುಚ್ಚಿಕೊಂಡು ಕೂತಿದ್ದ.

ಈಗ ಅದಕ್ಕೂ ಹಿಂದಿನ ಒಂದು ವಿಷಯ ನೆನಪಿಸಬೇಕು. ನಿನಗೆ ನೆನಪಿದ್ದರೆ ಸಂತೋಷ, ಇಲ್ಲದಿದ್ದರೆ ನಾನು ಬರೆದದ್ದನ್ನು ನಂಬು. ನೀನು ಹೊರಡುವ ಹದಿನೈದು ದಿನ ಮೊದಲು, ಇದೇ ಮೇಜಿನ ಆ ಬದಿಗೆ ನೀನು, ಈ ಬದಿಗೆ ನಾನು. ತಂಡದ ಡಾಕ್ಟರಮ್ಮ ಎಲ್ಲರಿಗೂ ಒಂದು ಜ್ಞಾಪಕಶಕ್ತಿಯ ಪರೀಕ್ಷೆ ಮಾಡುತ್ತಾರೆ, ಹತ್ತು ಪದ ಓದಿ ತಿರುಗಿ ಹೇಳಿಸುತ್ತಾರೆ ಎಂದು ನೀನು ಹೇಳಿದೆ. "ಶುರುವಿನಲ್ಲಿ ಜಾಣತನ ತೋರಿಸ್ಬೇಡ, ಕಡಿಮೆ ಬಂದ್ರೇ ಒಳ್ಳೇದು" ಎಂದು ಕ್ಯಾಪ್ಟನ್ ಹೇಳಿದ್ದಾಳೆ ಎಂದೆ. ಯಾಕೆ ಎಂದು ನಾನು ಕೇಳಲಿಲ್ಲ. ಆ ಲೆಕ್ಕದ ಮೇಷ್ಟರ ಬುದ್ಧಿ ನನಗಿರಬೇಕಿತ್ತು. ಕೇಳುವ ಬದಲು ನನಗೆ ಹುರುಪು ಬಂತು. ನೀನು ಕೊನೆಯ ನಾಲ್ಕು ಪದಗಳನ್ನು ನುಂಗಿ ಪೆಚ್ಚುಮೋರೆ ಹಾಕುತ್ತಿದ್ದೆ. ಅದು ಎಂಥವರಿಗೂ ನಾಟಕವೆಂದು ತಿಳಿಯುವಂತಿತ್ತು. ಹಾಗಲ್ಲ ಕಣೇ ಎಂದೆ ನಾನು. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು, ಮನುಷ್ಯ ಎಲ್ಲಿ ತಪ್ಪುತ್ತಾನೆಂದು ನನಗೆ ಗೊತ್ತು. ಅಚ್ಚಿನ ಮೊಳೆ ಜೋಡಿಸುವವನು ಸಾಲಿನ ಮೊದಲ ಪದ ಬಿಡುವುದಿಲ್ಲ, ಕೊನೆಯದನ್ನೂ ಬಿಡುವುದಿಲ್ಲ, ಅವನ ಕಣ್ಣು ಜಾರುವುದು ನಡುವಿನಲ್ಲಿ. ಮೊದಲಿನ ಮೂರು ಹೇಳು, ಕೊನೆಯ ಮೂರು ಹೇಳು, ಮಧ್ಯದ ನಾಲ್ಕನ್ನು ಬಿಡು, ಬಿಡುವ ಮುಂಚೆ ಒಮ್ಮೆ ಚಾವಣಿ ನೋಡು. ಕನ್ನಡಿ, ಹಗ್ಗ, ನಿಂಬೆ, ಕುದುರೆ, ಚಮಚ, ಗೋಡೆ, ಬೀಗ, ಮೋಡ, ಕುರ್ಚಿ, ದೀಪ. ಎಷ್ಟು ಸಲ ಹೇಳಿಸಿದೆ! ನೀನು ಕುದುರೆಯ ಹತ್ತಿರ ಬಂದು ಚಾವಣಿ ನೋಡುತ್ತಿದ್ದ ರೀತಿಗೆ ನಾನೇ ಮೋಸ ಹೋಗುವಂತಿತ್ತು. ಪರೀಕ್ಷೆ ಮುಗಿಸಿ ಬಂದು ಹತ್ತಕ್ಕೆ ಆರು ಎಂದು ನೀನು ನನ್ನ ಬೆನ್ನಿಗೆ ಗುದ್ದಿದಾಗ, ರ‍್ಯಾಂಕು ಬಂದಷ್ಟು ಹೆಮ್ಮೆಪಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಬದುಕೆಲ್ಲ ತಪ್ಪು ಹಿಡಿದವನು ಮೊಮ್ಮಗಳಿಗೆ ತಪ್ಪು ಮಾಡುವುದನ್ನು ಕಲಿಸಿದ್ದೆ.

ನಾಲ್ಕನೆಯ ನಗರದ ಪಂದ್ಯ ಇಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಬಂತು. ನೀನು ಬಗ್ಗಿ ಎದುರಿನವರ ದಪ್ಪ ಹುಡುಗಿಯ ಸೊಂಟ ಹಿಡಿಯಲು ಹೋದೆ, ಅವಳ ಮೊಣಕಾಲು ನಿನ್ನ ಕಿವಿಯ ಮೇಲಕ್ಕೆ ಬಡಿಯಿತು. ಸದ್ದು ಟಿವಿಯಲ್ಲಿ ಕೇಳಿಸಲಿಲ್ಲ. ನೀನು ಎದ್ದೆ, ಎರಡು ಹೆಜ್ಜೆ ದಿಕ್ಕು ತಪ್ಪಿ ನಮ್ಮ ಕಡೆಯ ಗೆರೆಗೇ ಓಡಿದೆ, ಆಮೇಲೆ ಯಾರೋ ತೋಳು ಹಿಡಿದು ತಿರುಗಿಸಿದರು. ವೇಗ ಕಳೆದುಕೊಂಡ ಬುಗುರಿ ಬೀಳುವ ಮೊದಲು ಹೇಗೆ ವಾಲಾಡುತ್ತದೋ ಹಾಗೆ ವಾಲಿದೆ. ಡಾಕ್ಟರಮ್ಮ ಬಂದು ನಿನ್ನನ್ನು ಕರೆದುಕೊಂಡು ಹೋದರು. ಯಜಮಾನ ಟಿವಿಯ ಸದ್ದು ಜೋರು ಮಾಡಿದ, ಪ್ರಯೋಜನವೇನು? ಮೂರು ಗಂಟೆ ಕಳೆದು ಮುಂದಿನ ಪಂದ್ಯ ಶುರುವಾದಾಗ ಹನ್ನೊಂದನೇ ನಂಬರಿನ ಅಂಗಿ ತೊಟ್ಟು ನೀನು ಮೈದಾನದಲ್ಲಿದ್ದೆ. ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ ಎಂದು ಟಿವಿಯವನು ಹೇಳಿದ. ನಾನು ಚಪ್ಪಾಳೆ ತಟ್ಟಿದೆ ಬುಗುರಿ. ಸಲೂನಿನಲ್ಲಿ ಎಲ್ಲರಿಗಿಂತ ಮೊದಲು ತಟ್ಟಿದವನು ನಾನು. ಈಗ ಆ ಚಪ್ಪಾಳೆ ನೆನೆದರೆ ಅಂಗೈ ಉರಿಯುತ್ತದೆ.

ಪ್ರತಿ ನಗರದಿಂದಲೂ ನೀನು ತಪ್ಪದೆ ಒಂದು ಕಾರ್ಡು ಬರೆಯುತ್ತಿದ್ದೆ. ನಾನು ಅವನ್ನು ಬೀರುವಿನ ಬಾಗಿಲಿಗೆ ಸಾಲಾಗಿ ಅಂಟಿಸಿದ್ದೇನೆ, ಡಾಕ್ಟರಮ್ಮನ ಫೋನ್ ನಂಬರಿದೆಯೆಂದು ತಂಡದವರು ಎಲ್ಲ ಮನೆಗಳಿಗೂ ಕೊಟ್ಟ ಹಳದಿ ಚೀಟಿಯ ಕೆಳಗೆ. ಮೂರನೆಯ ಕಾರ್ಡಿನಲ್ಲಿ ಕೋಚಿನ ಒಂದು ಬೂಟು ಬಸ್ಸಿನಲ್ಲಿ ಉಳಿದು, ಅವರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಪಂದ್ಯ ನಡೆಸಿದ ಕಥೆ ಇತ್ತು. ಓದಿ ನಕ್ಕೂ ನಕ್ಕೂ ಸಾಕಾಯಿತು. ಐದನೆಯ ಕಾರ್ಡಿನಲ್ಲಿ ಅದೇ ಬೂಟು, ಅದೇ ಬಸ್ಸು, "ನಿನ್ನೆ ಏನಾಯ್ತು ಗೊತ್ತಾ ಅಜ್ಜಾ" ಎಂಬ ಅದೇ ಶುರು. ಬರೆದದ್ದನ್ನೇ ಮತ್ತೆ ಬರೆದಿದ್ದರೆ ಕಂಡುಹಿಡಿಯುವುದು ನನ್ನ ಕಸುಬು ತಾನೇ? ಕಂಡುಹಿಡಿದೆ. ಹುಡುಗಿ ದಣಿದಿದ್ದಾಳೆ ಎಂದು ಸಮಾಧಾನ ಹೇಳಿಕೊಂಡೆ. ಆರನೆಯ ಕಾರ್ಡು ತಡವಾಗಿ ಬಂತು. ಅಂಚೆಯವನು ಅದನ್ನು ಕೊಡುತ್ತ, "ಏನ್ ಸಾರ್, ಮೊಮ್ಮಗಳು ಹಳೇ ಮನೆ ವಿಳಾಸ ಹಾಕಿದಾಳೆ" ಎಂದ. ನಿನಗೆ ಎಂಟು ವರ್ಷವಿದ್ದಾಗ ನಾವು ಬಿಟ್ಟ ಮನೆ ಅದು, ಮಹಡಿ ಮೆಟ್ಟಿಲ ಪಕ್ಕದ್ದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಂಚೆಯವನು ಹೋಗಿ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

ಏಳನೆಯ ನಗರದ ಪಂದ್ಯದ ದಿನ ನನ್ನ ಮುಖಕ್ಕೆ ಅರ್ಧ ನೊರೆ ಹಚ್ಚಿತ್ತು. ಬೇರೆ ಯಾವುದೋ ತಂಡದ ಹುಡುಗಿಗೆ ಪೆಟ್ಟಾಗಿ ಆಟ ನಿಂತಿತ್ತು. ಆ ಬಿಡುವಿನಲ್ಲಿ ಟಿವಿಯವನು ವಿವರಿಸಿದ. ತಲೆಗೆ ಏಟಾದವರಿಗೆ ಹತ್ತು ಪದ ಓದಿ ಹೇಳಿಸುತ್ತಾರಂತೆ, ಸೀಸನ್ನಿಗೆ ಮೊದಲು ಆರೋಗ್ಯವಾಗಿದ್ದಾಗ ಎಷ್ಟು ಹೇಳಿದ್ದರೋ ಅದಕ್ಕೆ ಹೋಲಿಸಿ ನೋಡುತ್ತಾರಂತೆ, ಕಡಿಮೆಯಾದರೆ ಆಡಲು ಬಿಡುವುದಿಲ್ಲವಂತೆ. ಹೋಲಿಸಿ ಎಂದ ಮಾತು ಕೇಳಿದ್ದೇ, ಈ ಮೇಜು ಕಣ್ಣ ಮುಂದೆ ಬಂತು. ನಾವು ಆರು ಬರೆಸಿದ್ದೆವು. ಏಟು ತಿಂದ ತಲೆಯಿಂದಲೂ ನೀನು ಆರು ಹೇಳಿರುತ್ತೀಯ. ಆರಕ್ಕೆ ಆರು, ಪಾಸು. ನಾಲ್ಕು ಪದಗಳು ನಿಜವಾಗಿಯೂ ಕಳೆದುಹೋಗಿದ್ದರೆ ಅದನ್ನು ಹಿಡಿಯುವ ದಾರಿಯೇ ಇಲ್ಲದಂತೆ ನಾನು ಮುಚ್ಚಿಹಾಕಿದ್ದೆ. ಕುರ್ಚಿಯಿಂದ ಎದ್ದು ನೊರೆಯ ಸಮೇತ ಬೀದಿಗೆ ಬಂದೆ. ಯಜಮಾನ ಟವೆಲ್ಲು ಹಿಡಿದು ಹಿಂದೆ ಓಡಿಬಂದ. ನಿನ್ನ ಅಮ್ಮನಿಗೆ ಹೇಳಲು ನಾಲಿಗೆ ಏಳಲಿಲ್ಲ. ಭಾನುವಾರ ನಿನ್ನನ್ನೇ ಕೇಳೋಣ, ನನ್ನ ಭಯ ಸುಳ್ಳಾಗಲಿ ಎಂದುಕೊಂಡು ದಿನ ಎಣಿಸಿದೆ.

ಭಾನುವಾರ ನಾನು ಬಾಯಿ ತೆರೆಯುವ ಮೊದಲೇ ನೀನು, "ಅಜ್ಜಾ, ಒಂದು ಗುಟ್ಟು ಹೇಳ್ತೀನಿ, ಅಮ್ಮನಿಗೆ ಹೇಳ್ಬೇಡ" ಎಂದೆ. ಏಟಾದ ದಿನ ಪಾಸಾಗಲು ಡಾಕ್ಟರಮ್ಮನನ್ನು ಮೊದಲೇ ಹೇಗೆ ಯಾಮಾರಿಸಿದ್ದೆ ಎಂದು ನಗುತ್ತ ಹೇಳಿದೆ. "ನಡುವಿನ ನಾಲ್ಕು ಬಿಟ್ಬಿಡ್ಬೇಕು ಅಜ್ಜಾ. ಮೊದಲಿಂದು, ಕೊನೇದು ಬಿಟ್ರೆ ಸಿಕ್ಕಿಬೀಳ್ತೀವಿ. ಬಿಡೋ ಮುಂಚೆ ಚಾವಣಿ ನೋಡ್ಬೇಕು. ಯಾರೋ ಹೇಳ್ಕೊಟ್ರು, ಭಾರಿ ಬುದ್ಧಿವಂತರು." ಯಾರು ಹೇಳಿಕೊಟ್ಟಿದ್ದು ಮಗಳೇ ಎಂದು ಕೇಳಿದೆ. ಅಲ್ಲಿ ಹೋಟೆಲಿನ ಲಿಫ್ಟು ನಿಂತು ಗಂಟೆ ಬಾರಿಸಿದ್ದು ನನಗೆ ಕೇಳಿಸಿತು. ಆಮೇಲೆ ನೀನು, "ನೆನಪಾಗ್ತಿಲ್ಲ ಅಜ್ಜಾ. ನಮ್ಮ ಕಡೆಯವರೇ ಯಾರೋ ಇರ್ಬೇಕು" ಎಂದೆ.

ನಾನು, ಬುಗುರಿ. ಹೇಳಿಕೊಟ್ಟವನು ನಾನು. ನನ್ನ ಗುಟ್ಟನ್ನೇ ನನಗೆ ಹೊಸ ಸುದ್ದಿಯೆಂದು ಹೇಳಿದೆ. ನೀನು ತಮಾಷೆ ಮಾಡುತ್ತಿದ್ದೀಯ ಎಂದು ಒಂದು ಕ್ಷಣ ಆಸೆಪಟ್ಟೆ. ನೀನು ತಮಾಷೆ ಮಾಡುವಾಗ ಉಸಿರು ಬಿಗಿಹಿಡಿಯುತ್ತೀಯ, ಅದು ನನಗೆ ಗೊತ್ತು. ಆಗ ಹಾಗಿರಲಿಲ್ಲ. ಫೋನಿಟ್ಟು ಇದೇ ಮೇಜಿನ ಮುಂದೆ ಕೂತೆ. ಆ ಹತ್ತು ಪದಗಳನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ಈ ಎಪ್ಪತ್ತೈದು ವರ್ಷದಲ್ಲಿ ನನಗೆ ಸಾವಿನ ಸುದ್ದಿಗಳು ಬಂದಿವೆ, ಅಚ್ಚುಕೂಟ ಮುಚ್ಚಿದ ಸುದ್ದಿ ಬಂದಿದೆ, ಯಾವುದಕ್ಕೂ ಹೀಗಾಗಿರಲಿಲ್ಲ. ಸೀಸನ್ನಿನಲ್ಲಿ ಇನ್ನೂ ಎಷ್ಟು ಏಟು ಬಿತ್ತು? ಟಿವಿಯಲ್ಲಿ ಕಾಣದ್ದು ಎಷ್ಟು? ನೀನು ಹೇಳದೆ ನುಂಗಿದ್ದು ಎಷ್ಟು, ಹೇಳಬೇಕೆಂದುಕೊಂಡು ಮರೆತದ್ದು ಎಷ್ಟು? ಯಾರಿಗೆ ಗೊತ್ತು.

ನಿನಗೆ ಏನು ಆಸೆಯಿದೆಯೆಂದು ನನಗೆ ತಿಳಿಯದ್ದಲ್ಲ. ಕನ್ನಡಿಯ ಪಕ್ಕದ ಹಾಳೆಯಲ್ಲಿ ನಾವು ಹನ್ನೊಂದನೆಯವರು, ಕೊನೆಯ ತಂಡಕ್ಕೂ ನಮಗೂ ಎರಡೇ ಅಂಕ. ಶನಿವಾರ, ಭಾನುವಾರ ಆಡಿ ಉಳಿದರೆ ಮುಂದಿನ ವರ್ಷವೂ ನಿಮ್ಮ ತಂಡ ಇರುತ್ತದೆ, ಇಲ್ಲದಿದ್ದರೆ ಐದು ವರ್ಷದ ಬೆವರು ನೀರು ಪಾಲು. ಓಡುವವಳು ನೀನು. ನಿನ್ನನ್ನು ಬಿಟ್ಟು ಆಡಿದರೆ ಏನಾಗುತ್ತದೆಂದು ಯಜಮಾನನಿಗೂ ಗೊತ್ತು, ನನಗೂ ಗೊತ್ತು. ಆದರೆ ತಲೆ ಗಟ್ಟಿಯಿದೆ ಎಂದು ಬಂಡೆಗೆ ಹಾಯಬಾರದು ಮಗಳೇ. ನಿನ್ನ ತಲೆ ಈಗ ಗಟ್ಟಿಯೂ ಇಲ್ಲ. ಇನ್ನೊಂದು ಮೊಣಕಾಲು ಬಡಿದರೆ ಏನು ಅಳಿಸಿಹೋಗುತ್ತದೋ, ಮುಂದಿನ ಸಲ ಬೀದಿಯ ಹೆಸರೋ, ಅಮ್ಮನ ಮುಖವೋ. ಇದನ್ನು ಬರೆಯುವಾಗ ಪೆನ್ನು ನಿಂತುಹೋಯಿತು, ಶಾಯಿಯ ಚುಕ್ಕೆ ನೋಡಿದರೆ ನಿನಗೇ ಗೊತ್ತಾಗುತ್ತದೆ. ಕಾಗದ ಓದಿ ಮುಗಿಸಿದ ಕೂಡಲೇ ನೀನಾಗಿಯೇ ಡಾಕ್ಟರಮ್ಮನ ಕೋಣೆಗೆ ಹೋಗು. ಮಧ್ಯದ ನಾಲ್ಕು ಬೇಕೆಂದೇ ಬಿಟ್ಟದ್ದು ಎಂದು ಹೇಳು. ಕಲಿಸಿದ್ದು ಅಜ್ಜ ಎಂದು ಹೇಳು. ಹೇಳುವಾಗ ಚಾವಣಿ ನೋಡಬೇಡ, ಅವರ ಮುಖ ನೋಡಿ ಹೇಳು. ದಾರಿಯಲ್ಲಿ ಮರೆತರೆ ಈ ಕಾಗದವನ್ನೇ ಅವರ ಕೈಗೆ ಕೊಡು.

ಯಜಮಾನ ನಿನ್ನ ಯೋಗಕ್ಷೇಮ ಕೇಳಿದ್ದಾನೆ. ಕ್ಯಾಪ್ಟನ್ನಿಗೆ ನನ್ನ ಮಾತಾಗಿ ಏನೂ ಹೇಳಬೇಡ, ಅವಳ ಮೇಲೆ ನನಗೆ ಸಿಟ್ಟಿದೆ, ಆದರೆ ನನ್ನ ಮೇಲಿರುವಷ್ಟಿಲ್ಲ. ನಿನ್ನ ಅಮ್ಮ ಮುತ್ತು ಕಳಿಸಿದ್ದಾಳೆ. ಹೊತ್ತು ಹೊತ್ತಿಗೆ ತಿನ್ನು, ಕೋಣೆಯ ಪರದೆ ಎಳೆದು ಮಲಗು. ನೂರು ವರ್ಷ ಬಾಳು, ಆ ನೂರು ವರ್ಷವೂ ನಿನಗೆ ನೆನಪಿರಲಿ. ನನ್ನ ಆಶೀರ್ವಾದ ಇಷ್ಟೇ.

ನಿನ್ನ ಅಜ್ಜ
(ತಿದ್ದುವವನು)

ಮರೆತ ಮಾತು: ಉದ್ದ ಜಡೆಯವಳು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತಿದ್ದೇನೆ. ನೀನಾಗಿಯೇ ಹೋಗಿ ಹೇಳು ಎಂದು ಮೇಲೆ ದೊಡ್ಡ ಮನುಷ್ಯನ ಹಾಗೆ ಬರೆದೆನಲ್ಲ, ಅದರಲ್ಲಿ ಅರ್ಧ ಬಿಟ್ಟಿದ್ದೇನೆ. ಅದೂ ಮಧ್ಯದ್ದೇ. ಮಂಗಳವಾರ ಸಂಜೆ ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬಿಚ್ಚುತ್ತಿದ್ದ ಶೂ ಕೆಳಗಿಟ್ಟಳು. ಆಮೇಲೆ, "ಅಪ್ಪಾ, ಕಲಿಯೋರ ಕಾರಲ್ಲಿ ನನ್ನ ಕಾಲ ಹತ್ರನೂ ಒಂದು ಬ್ರೇಕ್ ಇರುತ್ತೆ. ಯಾಕೆ ಇಟ್ಟಿರ್ತಾರೆ ಹೇಳಿ" ಎಂದಳು. ಬುಧವಾರ ಬೆಳಿಗ್ಗೆ ಹಳದಿ ಚೀಟಿಯ ನಂಬರಿಗೆ ಫೋನ್ ಮಾಡಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದ್ದೇನೆ. ಕಾಗದ ಮೊದಲು ನಿನ್ನ ಕೈ ಸೇರಲಿ, ಅಲ್ಲಿಯ ತನಕ ನಿನ್ನನ್ನು ಅಭ್ಯಾಸಕ್ಕೆ ಇಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಕೋಣೆಯಲ್ಲಿ ಕಾಯುತ್ತಿರುತ್ತಾರೆ, ಅವರು ಕರೆಯುವ ಮೊದಲು ನೀನು ಹೋಗು. ಈ ಕಾಗದ ತಂದವಳು ಬರುತ್ತಿರುವುದು ನಿನ್ನ ಬದಲಿಗೇ. ಅದು ಅವಳಿಗೂ ಗೊತ್ತು, ಪಾಪ, ನನ್ನ ಮುಖ ನೋಡದೆ ನೆಲ ನೋಡುತ್ತಿದ್ದಾಳೆ. ಹನ್ನೊಂದನೇ ನಂಬರಿನ ಅಂಗಿಯನ್ನು ಬೇರೆಯವರು ಕೊಡುವುದು ಬೇಡ, ನೀನೇ ನಿನ್ನ ಕೈಯಾರೆ ಅವಳಿಗೆ ಕೊಡು. ಹಿಂದೆ ಓಡಿಬರುವವಳಿಗೇ ಕೊಡಬೇಕು ಎಂಬ ಆಟವನ್ನು ನೀನೇ ತಾನೇ ನನಗೆ ಕಲಿಸಿದ್ದು? ನಿನಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಬರಲಿ. ನಾಳೆಯೂ ಇರಲಿ, ಮುಂದಿನ ವಾರವೂ ಇರಲಿ. ಭಾನುವಾರ ಫೋನಿನಲ್ಲಿ ನೀನು ನನ್ನನ್ನು ಬೈದರೆ ನಾನು ಬದುಕಿದೆ. ಎಂದಿನಂತೆ ನಗುತ್ತ "ಹೇಗಿದ್ದೀಯ ಅಜ್ಜಾ" ಎಂದು ಮಾತ್ರ ಕೇಳಬೇಡ.